ಸಿಂಗಳೀಕದ ಪಾಲು

ನಮಸ್ಕಾರ ಕೇಳುಗರೇ. ಮಕ್ಕಳು ಗಲಾಟೆ ಮಾಡಿದರೆ ‘ಸಿಂಗಳೀಕನ ಥರ ಆಡಬೇಡ’ ಅಂತ ಬೈಯುತ್ತೇವಲ್ಲ, ನಮ್ಮಲ್ಲಿ ಎಷ್ಟು ಜನ ಸಿಂಗಳೀಕ ನೋಡಿದ್ದೇವೆ ಹೇಳಿ? ಚಿತ್ರದುರ್ಗದ ಕೋಟೆ ಮೇಲೆ ಬಿಸ್ಕೆಟ್ ಕಿತ್ತುಕೊಳ್ಳೋದು, ಚನ್ನಗಿರಿ ತೋಟದಲ್ಲಿ ಎಳನೀರು ಕೆಡವೋದು ಮಾಮೂಲಿ ಕೋತಿ. ಸಿಂಗಳೀಕ ಬೇರೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಗಡ್ಡದಂಥ ಕೂದಲು, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟದ ಕಾಡು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಮರ ಬಿಟ್ಟು ನೆಲಕ್ಕೆ ಇಳಿಯೋದೇ ಅಪರೂಪ.

ನನ್ನ ತಂಗಿಯನ್ನು ಕೊಟ್ಟಿರೋದು ಉತ್ತರ ಕನ್ನಡದ ಸಿದ್ದಾಪುರದ ಕಡೆ. ಒಂದು ಮಳೆಗಾಲ ಹೋದಾಗ ಅವರ ಊರಲ್ಲಿ ಮನೆಮನೆಯಲ್ಲೂ ಒಲೆ ಉರೀತಿತ್ತು, ಒಣಗಲಿ ಅಂತ ಅದರ ಮೇಲೆ ತಟ್ಟಿಯಲ್ಲಿ ಉಪ್ಪಾಗೆ ಅನ್ನೋ ಹುಳಿ ಕಾಡುಹಣ್ಣಿನ ಸಿಪ್ಪೆ ಹರಡಿದ್ದರು, ಹೊಗೆಗೆ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಕೇರಳದವರ ಮೀನು ಸಾರಿಗೆ ಇದೇ ಹುಳಿ. ಬೀಜದಿಂದ ತುಪ್ಪ ತೆಗೀತಾರೆ. ಸಿಂಗಳೀಕಕ್ಕೂ ಈ ಹಣ್ಣು ಬೇಕು. ಮೊದಲು ಇದರಿಂದ ಜಗಳ ಏನೂ ಇರಲಿಲ್ಲ. 1990ರ ದಶಕದಲ್ಲಿ ತೂಕ ಇಳಿಸೋ ಮಾತ್ರೆಗೆ ಈ ಸಿಪ್ಪೆಯ ಆಮ್ಲ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂತು ನೋಡಿ, ಎಲ್ಲ ಬದಲಾಯಿತು. ಎಲ್ಲೋ ಯಾರದೋ ಹೊಟ್ಟೆ ಕರಗಲಿ ಅಂತ ಇಲ್ಲಿ ಮರದ ಕೊಂಬೆಯೇ ಮುರಿದು ಬಿತ್ತು.

ಜನ ಕೆಟ್ಟವರು ಅಂತ ಅಲ್ಲ. ಹಣ್ಣಾಗಲಿ ಅಂತ ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕಾಯಲ್ಲೇ ಕೊಯ್ತಾನೆ ಅನ್ನೋ ಭಯ. ನಮ್ಮೂರ ಕೆರೆಯ ಮೀನಿಗೂ ಇದೇ ಗತಿ, ಅಲ್ವಾ? ಆ ಭಯ ಹೋಗಬೇಕಾದರೆ ಕೊಯ್ಯೋ ಹಕ್ಕು ಊರಿನ ಗ್ರಾಮ ಅರಣ್ಯ ಸಮಿತಿ ಕೈಲಿರಬೇಕು, ಲಾಭದಲ್ಲಿ ಪಾಲು ಬರಬೇಕು. ಆಗ ಊರೇ ಕೂತು ದಿನ ಗೊತ್ತು ಮಾಡುತ್ತೆ, ಕೊಂಬೆ ಕಡಿದವನನ್ನು ಕೇಳುತ್ತೆ. ಸೌದೆ ಕಮ್ಮಿ ತಿನ್ನೋ ಒಲೆ ಬಂದರೆ ಕಾಡಿನ ಮೇಲಿನ ಹೊರೆ ಇನ್ನಷ್ಟು ಇಳಿಯುತ್ತೆ. ಬರೀ ಗಾರ್ಡ್ ನೇಮಿಸಿ ಕೋಲು ಕೊಟ್ಟರೆ ಇದು ಆಗೋ ಕೆಲಸ ಅಲ್ಲ ಅನ್ನೋದು ನನ್ನ ಅನಿಸಿಕೆ.

ಸಿದ್ದಾಪುರ ಕಡೆಯ ಆ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು, ಸುಮಾರು 300 ಚದರ ಕಿಲೋಮೀಟರು. ಸಂರಕ್ಷಣಾ ಮೀಸಲು ಅಂದರೆ ಯಾರನ್ನೂ ಒಕ್ಕಲೆಬ್ಬಿಸೋದಿಲ್ಲ, ಅದರ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯವರಿಗೂ ಜಾಗ ಇರುತ್ತೆ. 2019ರಲ್ಲಿ ಅದನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು, ಒಟ್ಟು 930 ಚದರ ಕಿಲೋಮೀಟರು. ಅಭಯಾರಣ್ಯದ ಕಾನೂನು ಬಿಗಿ. ಕಾಡಿಗೆ ಒಳ್ಳೇದೇ ಇರಬಹುದು, ಆದರೆ ಅಲ್ಲೇ ಬದುಕೋರಿಗೆ ಆತಂಕ ಆಗದೆ ಇರುತ್ತಾ? ಅದೇ ಅಭಯಾರಣ್ಯದೊಳಗೆ 2000 ಮೆಗಾವ್ಯಾಟಿನ ವಿದ್ಯುತ್ ಯೋಜನೆಯ ಪ್ರಸ್ತಾಪವೂ ಬಂದಿದೆ. ಉಪ್ಪಾಗೆ ಕೊಯ್ಯೋನಿಗೆ ಕಾನೂನು ಹೇಳೋಕೆ ಬಾಯಿ ಹೇಗೆ ಬರುತ್ತೋ!

ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ನಡುವೆ ರಸ್ತೆ ದಾಟೋಕೆ ಸಿಂಗಳೀಕಗಳು ನೆಲಕ್ಕೆ ಇಳಿಯಬೇಕಾಗಿತ್ತು. ಅಲ್ಲಿ ಮರದಿಂದ ಮರಕ್ಕೆ ಹಳೇ ಅಗ್ನಿಶಾಮಕ ಪೈಪು ಕಟ್ಟಿ ಸೇತುವೆ ಮಾಡಿದ್ದಾರೆ, ಸಿಂಗಳೀಕಗಳು ಅದರ ಮೇಲೇ ಓಡಾಡುತ್ತವೆ. ಎಂಥ ಸುಲಭದ ಉಪಾಯ ನೋಡಿ.

ನಮ್ಮ ಜಗಳೂರಿನ ರಂಗಯ್ಯನದುರ್ಗದಲ್ಲೂ ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬಿನ ಜಿಂಕೆಯಂಥ ಕಾಡುಪ್ರಾಣಿಗೆ, ಅಂತಲೇ ಅಭಯಾರಣ್ಯ ಇದೆ. ಅಲ್ಲೂ ಬರೀ ಕಾನೂನು ಹೇಳದೆ, ಸುತ್ತಲಿನ ಕುರಿಗಾರರನ್ನು ಕೂರಿಸಿಕೊಂಡು, ಬೇಸಿಗೆಯಲ್ಲಿ ನಿಮ್ಮ ಕುರಿಗೆ ಮೇವು ಎಲ್ಲಿಂದ ತರ್ತೀರಪ್ಪಾ ಅಂತ ಮೊದಲು ಕೇಳಬೇಕು.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ‘ಅಣ್ಣಾ, ತೋಟದ ಆಚೆ ಸಿಂಗಳೀಕ ಕೂಗ್ತಾ ಇದೆ, ಕೇಳಿಸ್ಕೋ’ ಅಂತ ಫೋನನ್ನು ಕಿಟಕಿ ಹೊರಗೆ ಹಿಡಿದಳು. ಮಳೆ ಸದ್ದು ಬಿಟ್ಟು ನನಗೆ ಏನೂ ಕೇಳಿಸಲಿಲ್ಲ. ನಮಸ್ಕಾರ.