ಸರಪಳಿ ಒಂದಿಂಚು ಸಡಿಲವಾದರೆ ಎಷ್ಟು ಜಾಗ ಮಾಯ?

[ಹೊಲದ ಬದು. ಕೈಯಲ್ಲಿ ಫೋನ್.]

ನಮಸ್ಕಾರ. ಹೊಸಕೋಟೆ ಕಡೆಯ ನೋಡುಗರೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ನಿಂತ ಜಾಗ ಯಾವ ಸರ್ವೆ ನಂಬರಿನದ್ದು ಅಂತ ತೋರಿಸುವ ದಿಶಾಂಕ್ ಆ್ಯಪ್‌ನದ್ದು. ಅವರದ್ದು ಒಂದೂಕಾಲು ಎಕರೆ ಜಮೀನು. ಜೊತೆಗೆ ಈ ಮಾತು: "ಸಾರ್, ಆ್ಯಪ್ ತೆಗೆದರೆ ನಮ್ಮ ಬೋರ್‌ವೆಲ್ ಪಕ್ಕದವರ ಸರ್ವೆ ನಂಬರಿನಲ್ಲಿ ತೋರಿಸ್ತಿದೆ. ಪಕ್ಕದವರು ಒಳ್ಳೆಯವರು, ಬೇಲಿ ಹತ್ತಿರದ ಅವರ ಮರದ ನುಗ್ಗೆಕಾಯಿ ಕೊಡ್ತಾರೆ. ಈಗ ಏನ್ಮಾಡಲಿ?"

ಮೊದಲು ನನಗೂ ನಗು ಬಂತು. ಆಮೇಲೆ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಆಕಾಶದಲ್ಲಿ ಉಪಗ್ರಹ ಇದೆ, ಕೈಯಲ್ಲಿ ಫೋನ್ ಇದೆ, ಊಟ ತರುವವನು ನೇರ ಮನೆ ಬಾಗಿಲಿಗೇ ಬರುತ್ತಾನೆ. ಹಾಗಿರುವಾಗ ಒಂದು ಬೋರ್‌ವೆಲ್ ಯಾರದ್ದು ಅಂತ ಹೇಳೋಕೆ ಯಾಕೆ ಇಷ್ಟು ಒದ್ದಾಟ?

ಇದನ್ನು ಹಿಡಿದು ನಾನು ಒಬ್ಬರು ಪರವಾನಗಿ ಭೂಮಾಪಕರ ಹಿಂದೆ ಆನೇಕಲ್ ಕಡೆ ಒಂದು ದಿನ ಅಲೆದೆ. ಅವರ ಹೆಸರು ಹೇಳಲ್ಲ, ಬೇಡ ಅಂದಿದ್ದಾರೆ. ಊರಿನವರೆಲ್ಲ ಸರ್ವೆಯರ್ ಮೇಡಂ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

[ಪರದೆಯ ಮೇಲೆ: ಪಹಣಿ, ಟಿಪ್ಪಣಿ, ಆಕಾರಬಂದ್, ಗ್ರಾಮ ನಕ್ಷೆ]

ಬೇಸಿಕ್ಸ್ ಬೇಗ ಮುಗಿಸೋಣ. ಪಹಣಿಯಲ್ಲಿ ಜಮೀನು ಯಾರ ಹೆಸರಲ್ಲಿದೆ, ಎಷ್ಟಿದೆ ಅಂತ ಇರುತ್ತದೆ. ಆಕಾರಬಂದ್ ಅಂದರೆ ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ಲೆಕ್ಕ. ಟಿಪ್ಪಣಿ ಅಂದರೆ ಮೊದಲ ಸಲ ಅಳೆದಾಗ ಹೊಲದಲ್ಲೇ ಬರೆದುಕೊಂಡ ಅಳತೆ. ಒಂದು ನಂಬರ್ ಭಾಗವಾದರೆ ಹಿಸ್ಸಾ, ಆ ಭಾಗವನ್ನು ದಾಖಲೆಯಲ್ಲಿ ಬೇರೆ ಮಾಡುವುದು ಪೋಡಿ. ಒಂದು ತುಂಡನ್ನಷ್ಟೇ ಮಾರಬೇಕಾದರೆ 11ಇ ಸ್ಕೆಚ್. ಗಡಿ ಎಲ್ಲಿದೆ ಅಂತ ನೆಲದ ಮೇಲೆ ತೋರಿಸಿಕೊಡುವುದು ಹದ್ದುಬಸ್ತು. ಆಯ್ತು, ಅರ್ಧ ತಾಲ್ಲೂಕು ಕಚೇರಿ ಸುತ್ತಿ ಬಂದಂಗಾಯ್ತು.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಸರಪಳಿ.

[ಹತ್ತಿರದ ದೃಶ್ಯ: ತುಕ್ಕು ಹಿಡಿದ ಕಬ್ಬಿಣದ ಸರಪಳಿ, ಎರಡೂ ತುದಿಗೆ ಹಿಡಿಕೆ]

ಮೇಡಂ ಬ್ಯಾಗಿನಿಂದ ಇದನ್ನು ತೆಗೆದಾಗ ನಾನು ಬಾವಿ ಸರಪಳಿ ಅಂದುಕೊಂಡೆ. ಈಗ ಅವರು ಇದರಲ್ಲಿ ಅಳೆಯುವುದಿಲ್ಲ, ಅವರ ಹತ್ತಿರ ಟೋಟಲ್ ಸ್ಟೇಷನ್ ಇದೆ, ಅಂದರೆ ದೂರ, ಕೋನ ಎರಡನ್ನೂ ಅಳೆಯುವ ಯಂತ್ರ. ಇದು ಸುಮ್ನೆ ಅಭಿಮಾನಕ್ಕೆ ಇಟ್ಟುಕೊಂಡಿರುವುದು. ಉದ್ದ 33 ಅಡಿ. ಇದನ್ನು 16 ಭಾಗ ಮಾಡಿದ್ದಾರೆ. ಒಂದೊಂದು ಭಾಗಕ್ಕೂ ಹೆಸರು ಆಣೆ. ರೂಪಾಯಿಗೆ 16 ಆಣೆ ಇದ್ದ ಕಾಲ ಅಲ್ವಾ, ಸರಪಳಿಗೂ ಅದೇ ಲೆಕ್ಕ. ಸರಪಳಿ ಪೂರ್ತಿ ಎಳೆದರೆ ಹದಿನಾರಾಣೆ.

ಈಗ 33 ಅಡಿ ಉದ್ದ, 33 ಅಡಿ ಅಗಲದ ಒಂದು ಚೌಕ ಹಾಕಿ. 1089 ಚದರ ಅಡಿ. ಎಲ್ಲೋ ಕೇಳಿದ ಸಂಖ್ಯೆ ಅನ್ನಿಸ್ತಾ? ಅದೇ ಒಂದು ಗುಂಟೆ! ಅಂಥ 40 ಸೇರಿದರೆ 43,560 ಚದರ ಅಡಿ, ಒಂದು ಎಕರೆ. ನಾನು ಇಷ್ಟು ವರ್ಷ 1089 ಅನ್ನುವುದನ್ನು ಯಾರೋ ತಲೆಕೆಟ್ಟವರು ಮಾಡಿದ ಸಂಖ್ಯೆ ಅಂದುಕೊಂಡಿದ್ದೆ. ಬೆಂಗಳೂರಿನ ಬ್ರೋಕರ್‌ಗಳು ಬೆಳಗಿಂದ ಸಂಜೆವರೆಗೆ ಗುಂಟೆ ಗುಂಟೆ ಅನ್ನುವಾಗ ಅವರು ಹೇಳುತ್ತಿರುವುದು ಈ ಕಬ್ಬಿಣದ ಸರಪಳಿಯ ಚೌಕವನ್ನೇ.

ಮೇಡಂ ನನ್ನ ಕೈಗೆ ಒಂದು ಹಿಡಿಕೆ ಕೊಟ್ಟು "ಎಳೀರಿ ಸಾರ್" ಅಂದರು. ಎಳೆದೆ. "ಇನ್ನೂ." ಇನ್ನೂ ಎಳೆದೆ. ಕಬ್ಬಿಣದ ಕಡ್ಡಿಗಳ ನಡುವೆ ಸಣ್ಣ ಬಳೆಗಳಿವೆ ನೋಡಿ, ಅವು ಕಟಕಟ ಅಂದವು. "ಈ ಬಳೆಗಳು ಬಾಯಿ ಬಿಡ್ತವೆ ಸಾರ್. ದಿನಾ ಎಳೆದೂ ಎಳೆದೂ ಸರಪಳಿ ಉದ್ದ ಆಗುತ್ತೆ."

ಎಷ್ಟು ಉದ್ದ ಆಗಬಹುದು? ಒಂದು ಆಣೆಗೆ ಒಂದು ರಾಗಿ ಕಾಳಿನಷ್ಟು ಅಂದುಕೊಳ್ಳಿ, ಸುಮಾರು ಒಂದೂವರೆ ಮಿಲಿಮೀಟರ್. 16 ಆಣೆಗೆ 16 ರಾಗಿ ಕಾಳು. ಒಟ್ಟು ಒಂದು ಇಂಚು. 33 ಅಡಿಯಲ್ಲಿ ಒಂದು ಇಂಚು ಯಾರ ಕಣ್ಣಿಗೂ ಬೀಳಲ್ಲ.

ಈಗ ಅದೇ ಸರಪಳಿಯಲ್ಲಿ ನಾಲ್ಕು ಎಕರೆ ಅಳೆಯಿರಿ. ಸರಪಳಿ ಉದ್ದವಾಗಿದ್ದರೆ ಲೆಕ್ಕಕ್ಕೆ ಬರುವ ಅಳತೆ ಕಡಿಮೆ. ಉದ್ದದಲ್ಲಿ ಕಾಲು ಪರ್ಸೆಂಟ್, ಅಗಲದಲ್ಲಿ ಕಾಲು ಪರ್ಸೆಂಟ್, ಒಟ್ಟು ವಿಸ್ತೀರ್ಣದಲ್ಲಿ ಅರ್ಧ ಪರ್ಸೆಂಟ್. ನಾಲ್ಕು ಎಕರೆಗೆ ಅರ್ಧ ಪರ್ಸೆಂಟ್ ಅಂದರೆ ಸುಮಾರು 880 ಚದರ ಅಡಿ.

[ವಿರಾಮ. ಕ್ಯಾಮೆರಾ ಕಡೆ ನೋಡುವುದು.]

880! ಒಂದು 20-30 ಸೈಟು ಮಾಡಿ, ಪಕ್ಕದಲ್ಲಿ ಎರಡು ಕಾರು ನಿಲ್ಲಿಸಿ, ಇನ್ನೂ ತುಳಸಿಕಟ್ಟೆಗೆ ಜಾಗ ಉಳಿಯುತ್ತೆ. ಹದಿನಾರು ರಾಗಿ ಕಾಳಿಗೆ ಒಂದು ಮನೆ ಮಾಯ. ನಾನು ಇದನ್ನು ಪೇಪರ್ ಮೇಲೆ ಮೂರು ಸಲ ಲೆಕ್ಕ ಹಾಕಿದೆ, ನಂಬಿಕೆ ಬರಲಿಲ್ಲ ಅಂತ. ನಮ್ಮ ಎಡಿಟರ್‌ಗೂ ಹಾಕಿಸಿದೆ. ಅವನು ಲೆಕ್ಕ ಮುಗಿಸಿ ಕೇಳಿದ ಮೊದಲ ಪ್ರಶ್ನೆ, "ಆ ಸೈಟು ಯಾವ ಏರಿಯಾದಲ್ಲಿ?"

ಹೊಲಗಳನ್ನು ಸರಪಳಿಯಲ್ಲಿ ಅಳೆದ ಕಾಲದಲ್ಲಿ ಇದು ಯಾರಿಗೂ ದೊಡ್ಡ ವಿಷಯ ಆಗಿರಲಿಲ್ಲ ಅನ್ನುವುದನ್ನು ಮರೆಯಬೇಡಿ. ಅಳೆಯುತ್ತಿದ್ದದ್ದು ಕಂದಾಯ ಹಾಕುವುದಕ್ಕೆ. ರಾಗಿ ಹೊಲದಲ್ಲಿ ಮುಕ್ಕಾಲು ಗುಂಟೆ ಆಚೀಚೆ ಆದರೆ ಸರ್ಕಾರಕ್ಕೂ ನಷ್ಟ ಇಲ್ಲ, ರೈತನಿಗೂ ಇಲ್ಲ. ಟಿಪ್ಪಣಿಯಲ್ಲಿ ಅಳತೆ ಬರೆಯುತ್ತಿದ್ದದ್ದೂ ಸರಪಳಿ ಮತ್ತು ಆಣೆಯಲ್ಲೇ. ಒಂದು ಆಣೆ ಅಂದರೆ ಎರಡು ಅಡಿಗಿಂತ ಒಂಚೂರು ಜಾಸ್ತಿ. ಹತ್ತಿರದ ಆಣೆಗೆ ಬರೆದುಬಿಟ್ಟರೆ ಆಚೆ ಒಂದು ಅಡಿ, ಈಚೆ ಒಂದು ಅಡಿ ಅಲ್ಲೇ ಹೋಯ್ತು. ಇವತ್ತು ಬೆಂಗಳೂರಿನಲ್ಲಿ ಒಂದು ಅಡಿಗೆ ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ.

ಹಾಗಂತ ಆಗಿನವರಿಗೆ ಚೆನ್ನಾಗಿ ಅಳೆಯೋಕೆ ಬರುತ್ತಿರಲಿಲ್ಲ ಅಂತ ಅಲ್ಲ. ಇದೇ ಬೆಂಗಳೂರಿನಲ್ಲಿ ಇನ್ನೊಂದು ಸರಪಳಿ ಇತ್ತು.

[ಪರದೆಯ ಮೇಲೆ: 1800]

ದೇಶವನ್ನೆಲ್ಲ ತ್ರಿಕೋನ ಹಾಕಿ ಅಳೆದ ದೊಡ್ಡ ಸರ್ವೆ 1802ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು ಅಂತ ಓದುತ್ತೇವೆ. ವಿಲಿಯಂ ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಅದನ್ನು ಶುರು ಮಾಡಿದ್ದು. ಆದರೆ ಅದಕ್ಕೂ ಮೊದಲು, 1800ರಲ್ಲೇ, ಅವನು ಬೆಂಗಳೂರಿನ ಹತ್ತಿರ ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗಿ ನೆಲದ ಮೇಲೆ ಒಂದು ನೇರ ಗೆರೆ ಅಳೆದಿದ್ದ. ಉದ್ದ ಸುಮಾರು 7.4 ಮೈಲಿ. ಟಿಪ್ಪು ಸತ್ತು ಇನ್ನೂ ಎರಡು ವರ್ಷ ಆಗಿರಲಿಲ್ಲ. ಶ್ರೀರಂಗಪಟ್ಟಣದ ಯುದ್ಧದಲ್ಲಿ ಲ್ಯಾಂಬ್ಟನ್ ಕೂಡ ಇದ್ದ. ಅಂದರೆ ಟ್ರಯಲ್ ನಮ್ಮೂರಲ್ಲಿ, ಹೆಸರು ಮದ್ರಾಸಿಗೆ. ಕಾವೇರಿ ನೀರಿನ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಅವನ ಸರಪಳಿ 100 ಅಡಿಯದು, ಉಕ್ಕಿನದು. ಚೀನಾದ ಚಕ್ರವರ್ತಿಗೆ ಅಂತ ಇಂಗ್ಲೆಂಡಿನಿಂದ ಹೊರಟಿದ್ದ ಉಡುಗೊರೆಗಳ ಜೊತೆ ಇದ್ದದ್ದು. ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತೆಗೆ ಬಂದು, ಇವನ ಕೈ ಸೇರಿ, ಕೊನೆಗೆ ಬೆಂಗಳೂರಿನ ನೆಲಕ್ಕೆ ಬಂತು. ಮದುವೆ ಮನೆಯ ಗಿಫ್ಟು ಮನೆಯಿಂದ ಮನೆಗೆ ಹೋಗುತ್ತಲ್ಲ, ಹಾಗೆ.

ಆ ಸರಪಳಿಯನ್ನು ಮಣ್ಣಿಗೆ ಬಿಡುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ಪೆಟ್ಟಿಗೆ ಇಟ್ಟು, ಅದರೊಳಗೆ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆಯುವುದು. ಥರ್ಮಾಮೀಟರ್ ಯಾಕೆ? ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿ ಸರಪಳಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಉದ್ದವಾಗುತ್ತದೆ. ಇಷ್ಟೇನಾ ಅನ್ನಬೇಡಿ. ಆ 7.4 ಮೈಲಿಗೆ ಅದನ್ನು ಸುಮಾರು 390 ಸಲ ಇಡಬೇಕು. ಒಂದೇ ಡಿಗ್ರಿ ಮರೆತರೂ ಅರ್ಧ ಗೇಣಿಗಿಂತ ಜಾಸ್ತಿ ತಪ್ಪು ಬರುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಎಷ್ಟು ಡಿಗ್ರಿ ಅಂತರ ಅನ್ನುವುದು ಬೆಂಗಳೂರಿನವರಿಗೆ ಗೊತ್ತಲ್ಲ.

ಲ್ಯಾಂಬ್ಟನ್ ಮಾಡಿದ್ದು ಜಿಯೋಡೆಸಿ, ಅಂದರೆ ಭೂಮಿಯ ಆಕಾರವನ್ನೇ ಅಳೆಯುವುದು. ಹಳ್ಳಿ ಹಳ್ಳಿಗೆ ಹೋದದ್ದು ಕಂದಾಯ ಸರ್ವೆ. ಒಂದು ಸರಪಳಿಗೆ ಥರ್ಮಾಮೀಟರ್ ಉಪಚಾರ, ಇನ್ನೊಂದು ಕೆಸರಲ್ಲಿ ಹೊರಳಿದ್ದು. ನಿಮ್ಮ ಪಹಣಿ ಬಂದದ್ದು ಆ ಎರಡನೆಯದರಿಂದ.

[ಹೊಲಕ್ಕೆ ವಾಪಸ್]

ಹಾಗಾದರೆ ಈಗ ಸರ್ವೆಯರ್ ಏನು ಮಾಡಬೇಕು? ಹೊಸ ಯಂತ್ರದಲ್ಲಿ ಹೊಸದಾಗಿ ಅಳೆದು ಇದೇ ಸರಿ ಅಂದರೆ ಆಯ್ತಾ? ಆಗಲ್ಲ. ಹಳೆಯ ಗಡಿ ಎಲ್ಲಿತ್ತೋ ಅದನ್ನೇ ತೋರಿಸಬೇಕು. ಅದಕ್ಕೆ ಹಳೆಯವರು ಎಲ್ಲಿಂದ ಅಳೆದರು ಅಂತ ಗೊತ್ತಾಗಬೇಕು. ಅಂದರೆ ಬಾಂದು ಕಲ್ಲು ಬೇಕು, ಗಡಿ ಗುರುತಿಗೆ ಆಗ ನೆಟ್ಟ ಕಲ್ಲು. ಸರ್ವೆ ಇಲಾಖೆಯಲ್ಲಿ ಈಗಲೂ ಬಾಂದು ಜವಾನ ಅಂತ ಒಂದು ಹುದ್ದೆ ಇದೆ, ಹೆಸರು ಬಂದಿರುವುದೇ ಆ ಕಲ್ಲಿನಿಂದ.

ಆ ದಿನ ಯಂತ್ರ ಮುಟ್ಟಿದ್ದು ಒಂದು ಗಂಟೆ. ಕಲ್ಲು ಹುಡುಕಿದ್ದು ನಾಲ್ಕು ಗಂಟೆ. ಟಿಪ್ಪಣಿ ನಕಲು ಹಿಡಿದು, ಲಂಟಾನ ಪೊದೆ ಸರಿಸಿ, ಗುದ್ದಲಿಯಲ್ಲಿ ಕೆದಕಿ ಹುಡುಕಿದೆವು. ಮೂರು ಮೂಲೆ ಸಿಕ್ಕಿತು. ನಾಲ್ಕನೆಯದು ಎಲ್ಲೂ ಇಲ್ಲ. ಆಮೇಲೆ ಪಕ್ಕದ ಮನೆಯ ಹಿತ್ತಲಲ್ಲಿ ಅಜ್ಜಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ಮೇಡಂ ಹೋಗಿ ಆ ಒಗೆಯುವ ಕಲ್ಲಿನ ಸೋಪಿನ ನೊರೆ ಒರೆಸಿ ನೋಡಿದರು. ಅದೇ ಕಲ್ಲು!

ನನಗೆ ಖುಷಿಯೋ ಖುಷಿ. ಅಜ್ಜಿಗೂ ಖುಷಿ. "ಕಲ್ಲು ಸಿಕ್ತಲ್ಲ ತಾಯಿ, ಇನ್ನೇನು ಬೇಕು ನಿಂಗೆ?"

ಮೇಡಂ ನಿಟ್ಟುಸಿರು ಬಿಟ್ಟರು. "ಕಲ್ಲು ಸಿಕ್ತು ಅಜ್ಜಿ. ಅದಿದ್ದ ಜಾಗ ಸಿಗಲಿಲ್ಲ."

ಕೊನೆಗೆ ಉಳಿದ ಮೂರು ಕಲ್ಲು, ಪಕ್ಕದ ಸರ್ವೆ ನಂಬರಿನ ಎರಡು ಕಲ್ಲು, ಇವುಗಳಿಂದ ಲೆಕ್ಕ ಹಾಕಿ ಆ ಮೂಲೆ ಗುರುತಿಸಿದರು. ಅಜ್ಜಿ ಮಾತ್ರ ಕಲ್ಲು ವಾಪಸ್ ಕೊಡಲಿಲ್ಲ. "ಬೇರೆ ಕಲ್ಲು ನೆಟ್ಕೋ, ಇದು ನುಣ್ಣಗೆ ಪಳಗೈತೆ."

[ಟೈಮರ್ ತೋರಿಸುವುದು]

ಅಯ್ಯೋ, ಸರಪಳಿಯಲ್ಲೇ ಟೈಮ್ ಮುಗಿಸಿಬಿಟ್ಟೆ. ಉಳಿದದ್ದು ಬಡಬಡ ಹೇಳುತ್ತೇನೆ. ಇವತ್ತಿನ ರೋವರ್ ಯಂತ್ರ ಉಪಗ್ರಹದ ಸಿಗ್ನಲ್ ತೆಗೆದುಕೊಳ್ಳುತ್ತದೆ, ಜೊತೆಗೆ ಸರಿಯಾದ ಜಾಗ ಮೊದಲೇ ಗೊತ್ತಿರುವ ಸ್ಟೇಷನ್‌ಗಳಿಂದ ತಿದ್ದುಪಡಿ ಪಡೆಯುತ್ತದೆ. ಸರ್ವೆ ಆಫ್ ಇಂಡಿಯಾ ಇಂಥ ಸ್ಟೇಷನ್‌ಗಳ ಜಾಲ ಮಾಡಿದೆ, ಸಿಒಆರ್‌ಎಸ್ ಅಂತ ಹೆಸರು. ಕೆಲವೇ ಸೆಂಟಿಮೀಟರ್ ಒಳಗೆ ಜಾಗ ಹೇಳುತ್ತದೆ. ಬೇಜಾರಾಗುವ ಸಂಗತಿ ಏನೆಂದರೆ, ಅಷ್ಟು ನಿಖರವಾದ ಯಂತ್ರದಿಂದ ಹುಡುಕುವುದು ಆಣೆ ಲೆಕ್ಕದಲ್ಲಿ ಬರೆದ ಗಡಿಯನ್ನು.

ಇನ್ನೊಂದು ಮಜಾ. ನಮ್ಮ ಇಡೀ ಭೂಖಂಡ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಜರುಗುತ್ತಿದೆ. ಲ್ಯಾಂಬ್ಟನ್ ಗೆರೆ ಎಳೆದ ಮೇಲೆ ಬೆಂಗಳೂರು 11 ಮೀಟರಿಗಿಂತ ಜಾಸ್ತಿ ಸರಿದಿದೆ, ಹತ್ತಿರ ಹತ್ತಿರ ಒಂದು 30-40 ಸೈಟಿನ ಉದ್ದ. ಪಕ್ಕದವರೂ ಜೊತೆಗೇ ಸರಿಯುತ್ತಿರುವುದರಿಂದ ಕೇಸು ಹಾಕೋಕಾಗಲ್ಲ. ಈಶಾನ್ಯ ದಿಕ್ಕು ಅಂತ ವಾಸ್ತುವಿನವರಿಗೆ ಸಂತೋಷ ಇರಬಹುದು.

ಈ ಕೆಲಸಕ್ಕೆ ಸೇರುವುದು ಹೇಗೆ ಅಂತ ಕೇಳಿದವರಿಗೆ: ಪಿಯುಸಿಯಲ್ಲಿ ಗಣಿತ ಓದಿದವರು, ಸಿವಿಲ್ ಡಿಪ್ಲೊಮಾ ಮಾಡಿದವರು, ಐಟಿಐ ಸರ್ವೆ ಮಾಡಿದವರು ಬರುತ್ತಾರೆ. ಬಿಸಿಲು ತಡೆಯಬೇಕು. ನಾಯಿಗೆ ಹೆದರಬಾರದು. ಅಳತೆ ಮುಗಿದ ಮೇಲೆ ಎರಡು ಕಡೆಯವರಲ್ಲಿ ಒಬ್ಬರಾದರೂ ಬೈಯುತ್ತಾರೆ, ಅದಕ್ಕೂ ರೆಡಿ ಇರಬೇಕು.

ಹೊಸಕೋಟೆಯವರ ವಿಷಯಕ್ಕೆ ಬರುತ್ತೇನೆ. ದಿಶಾಂಕ್ ಮಾಡುವುದು ಹಳೆಯ ಗ್ರಾಮ ನಕ್ಷೆಯನ್ನು ಈಗಿನ ಭೂಪಟದ ಮೇಲೆ ಹಾಸುವುದು. ಆ ನಕ್ಷೆಯಲ್ಲಿ ಎಂಟು ಇಂಚು ಅಂದರೆ ಒಂದು ಮೈಲಿ. ಅಂದಿನವರ ಲೇಖನಿಯ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನೆಲದ ಮೇಲೆ ಆ ಗೆರೆಯೇ 13 ಅಡಿ ಅಗಲ! ಅದರ ಮೇಲೆ ನಿಮ್ಮ ಫೋನಿನ ಜಿಪಿಎಸ್ ಇನ್ನೂ ನಾಲ್ಕೈದು ಮೀಟರ್ ಆಚೀಚೆ. ಯಾವ ಊರಿನ ಯಾವ ಸರ್ವೆ ನಂಬರ್ ಅಂತ ತಿಳಿಯೋಕೆ ಆ್ಯಪ್ ಬಹಳ ಒಳ್ಳೆಯದು. ಬೇಲಿ ಕೀಳೋಕೆ ಅಲ್ಲ.

ಅದಕ್ಕೇ ಹದ್ದುಬಸ್ತಿಗೆ ಅರ್ಜಿ ಹಾಕಿ ಅಂದೆ. ಹಾಕಿದರು. ಪಕ್ಕದವರಿಗೆ ನೋಟಿಸ್ ಹೋಯಿತು, ಎರಡು ತಿಂಗಳು ನುಗ್ಗೆಕಾಯಿ ಬಂದ್. ಕಳೆದ ವಾರ ಅಳತೆ ಆಯಿತಂತೆ. ಬೋರ್‌ವೆಲ್ ಇವರದ್ದೇ, ಗಡಿಯಿಂದ ಎಂಟು ಅಡಿ ಒಳಗಿದೆ. ಆದರೆ ನುಗ್ಗೆಮರವೂ ಇವರ ಕಡೆಗೇ ಬಂದಿದೆ. "ಸಾರ್, ಈಗ ನಾನು ಅವರಿಗೆ ನುಗ್ಗೆಕಾಯಿ ಕೊಡಬೇಕಾ?" ಅಂತ ಮತ್ತೆ ಮೆಸೇಜ್ ಮಾಡಿದ್ದಾರೆ.

ಕೊಡಿ ಸಾರ್. ಸಾರಿಗೆ ಹಾಕುವಷ್ಟಾದರೂ ಕೊಡಿ.