ಯಾವ ಪದರದ್ದು?

ಕೇಳುಗರೆಲ್ಲರಿಗೂ ನಮಸ್ಕಾರ.

ಭೂವಿಜ್ಞಾನದ ಮೇಷ್ಟ್ರು ಅಂತ ಗೊತ್ತಾದರೆ ಸಾಕು, ಜನ ಒಂದು ಕಲ್ಲು ತಂದು ಕೈಗಿಟ್ಟು, ‘ಇದಕ್ಕೆ ಎಷ್ಟು ಬೆಲೆ ಬರುತ್ತೆ ಸಾರ್?’ ಅಂತಾರೆ. ನಾನು ತಿರುಗಿ ಕೇಳುವುದು ಒಂದೇ. ಇದು ಯಾವ ಪದರದ್ದು? ಇವತ್ತು ಹೇಳುವುದೂ ಅಷ್ಟೇ.

ಲಾಲ್‌ಬಾಗ್ ಬಂಡೆಯನ್ನು ನೀವು ಹತ್ತಿರುತ್ತೀರಿ. ಅದಕ್ಕೆ ಸುಮಾರು 300 ಕೋಟಿ ವರ್ಷ. ಅಲ್ಲಿ ಪಳೆಯುಳಿಕೆ ಹುಡುಕಬೇಡಿ. ಆಗ ಪ್ರಾಣಿಗಳೇ ಇರಲಿಲ್ಲ, ಜೊತೆಗೆ ಆ ಕಲ್ಲು ನೆಲದಾಳದಲ್ಲಿ ಬೆಂದು ಬಂದದ್ದು. ಹುಡುಕುವುದಾದರೆ ಹಿಮಾಚಲದ ಸ್ಪಿತಿಗೆ ಹೋಗಬೇಕು. ಅಲ್ಲಿಯ ಬೆಟ್ಟ ಅಂದರೆ ಚಿರೋಟಿ. ಸಮುದ್ರದ ತಳದಲ್ಲಿ ಕೆಸರು, ಮರಳು ಪದರ ಪದರವಾಗಿ ಕೂತು ಕಲ್ಲಾಗಿ, ಆಮೇಲೆ ಮೇಲಕ್ಕೆದ್ದಿವೆ. ಅವುಗಳಲ್ಲಿ ಆರ್ಡೊವಿಸಿಯನ್ ಕಾಲದ ಪದರಗಳು ಸುಮಾರು 48 ಕೋಟಿಯಿಂದ 44 ಕೋಟಿ ವರ್ಷ ಹಿಂದಿನವು. ಆಗಿನ ಸಮುದ್ರಗಳಲ್ಲಿ ಟ್ರೈಲೊಬೈಟ್‌ಗಳು ಓಡಾಡಿಕೊಂಡಿದ್ದವು. ನೋಡಲು ಜಿರಲೆ ಹಾಗೆ, ಏಡಿ, ಸೀಗಡಿಗಳಿಗೆ ದೂರದ ನೆಂಟರು. ಬೆನ್ನು ಉದ್ದಕ್ಕೆ ಮೂರು ಪಾಲು. ಹಾವಿನ ಹಾಗೆ ಪೊರೆ ಬಿಡುತ್ತಿದ್ದವು, ಅದಕ್ಕೇ ನಮಗೆ ಸಿಗುವ ಎಷ್ಟೋ ಚೂರುಗಳು ಬರೀ ಪೊರೆ.

ನಾನು ಎಂ.ಎಸ್‌ಸಿ. ಓದುವಾಗ ನಮ್ಮ ಮೇಷ್ಟ್ರು ಸ್ಪಿತಿಯ ಪಿನ್ ಕಣಿವೆಗೆ ಕರೆದುಕೊಂಡು ಹೋಗಿದ್ದರು. ಬೆಂಗಳೂರಿನ ಹುಡುಗರು ನಾವು. ಎರಡು ದಿನ ಬರೀ ಏದುಸಿರು, ತಲೆನೋವು. ಮೂರನೇ ದಿನ, ಒಂದಕ್ಕೆ ಅಂತ ಪಕ್ಕಕ್ಕೆ ಹೋದವನ ಕಾಲಬುಡದಲ್ಲೇ ಟ್ರೈಲೊಬೈಟ್! ಹೆಬ್ಬೆರಳಿನ ಉಗುರಿನಷ್ಟು. ಬಂದ ಕೆಲಸ ಮರೆತು ಓಡಿದೆ. ಆ ಎತ್ತರದಲ್ಲಿ ಓಡಬಾರದು. ಮಾತು ಹೊರಡದೆ ಕಲ್ಲನ್ನು ಸುಮ್ನೆ ಮೇಷ್ಟ್ರ ಮುಂದೆ ಹಿಡಿದೆ.

ಅವರು ಕಲ್ಲನ್ನು ನೋಡಲೇ ಇಲ್ಲ. ನನ್ನ ಬೆನ್ನ ಹಿಂದಿನ ಬೆಟ್ಟ ನೋಡಿದರು.

‘ಯಾವ ಪದರದ್ದಪ್ಪ?’

‘ಅಲ್ಲಿ ಬಿದ್ದಿತ್ತು ಸಾರ್.’

‘ಬಿದ್ದಿತ್ತು ಸರಿ. ಎಲ್ಲಿಂದ ಬಿತ್ತು?’

ಬೆಟ್ಟದ ಅರ್ಧಕ್ಕೆ ಬೆರಳು ತೋರಿಸಿದರು. ಅಲ್ಲೊಂದು ಕೆಂಪು-ನೇರಳೆ ಪಟ್ಟಿ. ದುಂಡುಕಲ್ಲು, ಮರಳು ಬೆರೆತು ಗಟ್ಟಿಯಾದದ್ದು. ಆರ್ಡೊವಿಸಿಯನ್ ಶುರುವಾಗುವುದೇ ಅಲ್ಲಿಂದ. ಅದರ ಕೆಳಗಿನ ಪದರಗಳು ಬೇರೆ ಕಡೆಗೆ ವಾಲಿವೆ. ಅವು ಕ್ಯಾಂಬ್ರಿಯನ್, ಇನ್ನೂ ಹಳೆಯವು. ಅವು ವಾಲಿ, ಮೇಲೆದ್ದು, ಸವೆದ ಮೇಲೆ ಹೊಸದು ಬಂದು ಕೂತಿದೆ. ನಡುವೆ ಕೋಟಿಗಟ್ಟಲೆ ವರ್ಷ ಕಾಣೆ. ಟ್ರೈಲೊಬೈಟ್ ಕೆಳಗಿನ ಪದರದಲ್ಲೂ ಇವೆ. ನನ್ನ ಕಲ್ಲು ಸಿಕ್ಕಿದ್ದು ಪಟ್ಟಿಗಿಂತ ಕೆಳಗೆ. ಮೇಲಿಂದ ಉರುಳಿದ್ದೋ, ಅಲ್ಲಿಯದೇನೋ? ತಲೆಭಾಗ ಇದ್ದಿದ್ದರೆ ಜಾತಿ ಹಿಡಿದು ಕಾಲ ಹೇಳಬಹುದಿತ್ತು. ನನ್ನದರಲ್ಲಿ ಇದ್ದದ್ದು ನಡುವಿನ ಚೂರು ಮಾತ್ರ. ಚಿರೋಟಿ ಮುರಿದು ಹಾಲು ಹುಯ್ದ ಮೇಲೆ ಯಾವ ಚೂರು ಯಾವ ಪದರದ್ದು ಅಂತ ನೀವು ಹೇಳ್ತೀರಾ? ಹಾಗಾಯಿತು.

‘ಜಾಗಕ್ಕೆ ಗುರುತು ಹಾಕಿದ್ದೀಯಾ?’ ಇಲ್ಲ. ಕಲ್ಲು ವಾಪಸ್ ಕೊಟ್ಟರು. ‘ಕಾಗದ ಹಾರದ ಹಾಗೆ ಮೇಲಿಟ್ಕೋ.’

ಮಾರನೇ ದಿನವೆಲ್ಲ ಟೇಪು ಹಿಡಿದು ಅದೇ ಇಳಿಜಾರು ಹತ್ತಿದೆ. ಇನ್ನೊಂದು ಚೂರೂ ಸಿಗಲಿಲ್ಲ. ಆ ಕಲ್ಲು ಇವತ್ತಿಗೂ ನನ್ನ ಮೇಜಿನ ಮೇಲೆ ಕರೆಂಟ್ ಬಿಲ್ ಕಾಯುತ್ತಿದೆ.

ಸ್ಟುಡಿಯೊ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಎವರೆಸ್ಟ್ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಅದರ ನೆತ್ತಿಯ ಸುಣ್ಣಕಲ್ಲೂ ಆರ್ಡೊವಿಸಿಯನ್ ಕಾಲದ್ದೇ, ಅದರಲ್ಲೂ ಟ್ರೈಲೊಬೈಟ್ ಚೂರುಗಳಿವೆ. ಮತ್ತೆ, ದೇವರ ಮನೆಯ ಸಾಲಿಗ್ರಾಮ ಟ್ರೈಲೊಬೈಟ್ ಅಲ್ಲ. ಅದರಲ್ಲಿರುವುದು ಎಷ್ಟೋ ಕೋಟಿ ವರ್ಷ ಆಮೇಲಿನ ಅಮೊನೈಟ್, ಅಂದರೆ ಸುರುಳಿ ಚಿಪ್ಪಿನ ಕಡಲಜೀವಿ. ಅದು ಇನ್ನೊಂದು ದಿನ.

ಬೈಕ್ ಹತ್ತಿ ಸ್ಪಿತಿಗೆ ಹೊರಟವರೇ, ಟ್ರೈಲೊಬೈಟ್ ಕಂಡರೆ ಕೀಳಬೇಡಿ. ಪಕ್ಕದಲ್ಲಿ ಪೆನ್ನು ಇಟ್ಟು ಒಂದು ಫೋಟೊ ತೆಗೆಯಿರಿ. ಹತ್ತು ಹೆಜ್ಜೆ ಹಿಂದೆ ಸರಿದು ಬೆಟ್ಟ ಪೂರ್ತಿ ಕಾಣುವ ಹಾಗೆ ಇನ್ನೊಂದು. ಎರಡನೆಯದೇ ಮುಖ್ಯ. ಅದನ್ನು ತಂದು ತೋರಿಸಿದರೆ ಕಾಫಿ ನಂದು. ಬೆಲೆ ಮಾತ್ರ ಕೇಳಬೇಡಿ. ನಮಸ್ಕಾರ.