ಎರಡು ಬೆರಳ ತುದಿ

ಕೇಳುಗರಿಗೆಲ್ಲ ನಮಸ್ಕಾರ.

2025ರ ಜುಲೈ 22ರಂದು ಇಂಗ್ಲೆಂಡಿನ ಹಾಡುಗಾರ ಆಜಿ ಆಸ್‌ಬರ್ನ್ ತೀರಿಕೊಂಡರು. ಮಾರನೇ ದಿನ ಬೆಳಿಗ್ಗೆ ನನ್ನ ಮಗ ತಿಂಡಿಗೆ ಬರಲೇ ಇಲ್ಲ. ಇಯರ್‌ಫೋನ್ ಹಾಕಿಕೊಂಡು ಸುಮ್ನೆ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ. ಒಂದನ್ನು ತೆಗೆದು ನನ್ನ ಕಿವಿಗಿಟ್ಟು, "ಒಂದ್ಸಲ ಕೇಳಮ್ಮ" ಅಂದ.

ಮೊದಲು ಮಳೆ. ದೂರದಲ್ಲಿ ಚರ್ಚಿನ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ, ತುಂಬ ನಿಧಾನ. ನನಗೆ ಮೈ ಜುಮ್ ಅಂತು. ಆಜಿ ಹಾಡುತ್ತಿದ್ದ ಬ್ಲ್ಯಾಕ್ ಸಬತ್ ಎಂಬ ತಂಡ ತನ್ನದೇ ಹೆಸರಿನಲ್ಲಿ ಮಾಡಿದ ಹಾಡು ಅದು. 1969ರ ಅಕ್ಟೋಬರಿನಲ್ಲಿ ಒಂದೇ ದಿನ ಸ್ಟುಡಿಯೋದಲ್ಲಿ ಕೂತು ನುಡಿಸಿ ಮುಗಿಸಿದ ಆಲ್ಬಮ್. 1970ರ ಫೆಬ್ರವರಿಯಲ್ಲಿ ಹೊರಬಂದಾಗ ನಾನು ತೊಟ್ಟಿಲು ಬಿಟ್ಟಿದ್ದೆ ಅಷ್ಟೆ. ಇಷ್ಟು ವರ್ಷ ಆ ಸಂಗೀತವನ್ನು ಬರೀ ಗಲಾಟೆ ಅಂದುಕೊಂಡಿದ್ದೆ. ಮಗನ ಕೋಣೆಯ ಬಾಗಿಲನ್ನು ಎಷ್ಟು ಸಲ ಎಳೆದು ಮುಚ್ಚಿದ್ದೇನೋ!

ನಾನು ವೀಣೆ ನುಡಿಸುವವಳು. ಆ ಮೂರು ಸ್ವರ ಯಾವುದು ಅಂತ ಕೈ ತಾನೇ ಹುಡುಕಿತು. ಷಡ್ಜ ಅಂದರೆ ಸ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ, ಅಂದರೆ ಎರಡು 'ಮ'ಗಳಲ್ಲಿ ಎತ್ತರದ್ದು. ಯುರೋಪಿನ ಹಳೆಯ ಸಂಗೀತಗಾರರು ಷಡ್ಜದಿಂದ ಪ್ರತಿಮಧ್ಯಮದವರೆಗಿನ ಈ ಅಂತರಕ್ಕೆ ಸೈತಾನನ ಹೆಸರು ಕೊಟ್ಟಿದ್ದರಂತೆ. ನಮ್ಮಲ್ಲಿ ಆ ಪ್ರತಿಮಧ್ಯಮ ಕಲ್ಯಾಣಿ ರಾಗದ ಜೀವ, ಅಲ್ವಾ? ಆದರೆ ಕಲ್ಯಾಣಿಯಲ್ಲಿ ಪ್ರತಿಮಧ್ಯಮದ ಅಕ್ಕಪಕ್ಕ ಗಾಂಧಾರ, ಪಂಚಮ ಜೊತೆಗಿರುತ್ತವೆ. ಇಲ್ಲಿ ಅದು ಒಂಟಿ. ಹೋಗಲು ಮನೆಯಿಲ್ಲದ ಹಾಗೆ ನಡುಗುತ್ತ ನಿಂತಿರುತ್ತದೆ.

ಹೀಗೆ ನುಡಿಸಿದ ಕೈ ಯಾರದು ಅಂತ ತಿಳಿಯಬೇಕಾಯಿತು. ಅವರ ಹೆಸರು ಟೋನಿ ಅಯೋಮಿ. ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನವರು. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಕೆಲಸ ಬಿಟ್ಟು ಸಂಗೀತಕ್ಕೆ ಹೊರಟಿದ್ದರು. ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ವಾಪಸ್ ಹೋಗುವುದಿಲ್ಲ ಅಂದಾಗ, ಕೆಲಸ ಪೂರ್ತಿ ಮಾಡಿ ಬಾ ಅಂತ ತಾಯಿ ಕಳಿಸಿದರು. ಅವತ್ತೇ ಯಂತ್ರ ಬಲಗೈ ಮೇಲೆ ಬಿತ್ತು. ನಡುಬೆರಳು, ಉಂಗುರಬೆರಳು, ಎರಡರ ತುದಿಯೂ ಹೋಯಿತು. ಅವರು ಎಡಚರು. ಹಾಗಾಗಿ ತಂತಿ ಒತ್ತುವ ಕೈಯೇ ಆ ಬಲಗೈ.

ಇದನ್ನು ಓದಿದಾಗ ನನ್ನ ಎಡಗೈ ನೋಡಿಕೊಂಡೆ. ತೋರುಬೆರಳು, ನಡುಬೆರಳಿನ ತುದಿಯಲ್ಲಿ ತಂತಿ ಕೊರೆದ ಗೆರೆಗಳಿವೆ. ಚರ್ಮ ಒರಟಾಗಿದೆ. ಸ್ವರವನ್ನು ತೂಗುವ ಗಮಕಕ್ಕೆ ತಂತಿ ಎಷ್ಟು ಎಳೆಯಬೇಕು ಅಂತ ಹೇಳುವುದೇ ಆ ತುದಿ. ಅದಿಲ್ಲದೆ ವಾದ್ಯ ಹಿಡಿಯುವುದನ್ನು ನನ್ನಿಂದ ಊಹಿಸಲೂ ಆಗಲಿಲ್ಲ.

ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಆ ಹುಡುಗನಿಗೆ ಜಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳು ಆಡಿಸಿ ಗಿಟಾರ್ ನುಡಿಸಿದವರು ಜಾಂಗೋ. ಹುಡುಗ ಎದ್ದು ಕೂತ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿದ. ಬೆರಳಿಗೆ ಕೂರುವ ಟೋಪಿ ಮಾಡಿಕೊಂಡ. ಜಾರದಿರಲಿ ಅಂತ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಹಾಗಾಗಿ ತೆಳು ತಂತಿ ಹಾಕಿದ. ಮುಂದೆ 1971ರಲ್ಲಿ, ಮೂರನೇ ಆಲ್ಬಮ್ಮಿನ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗಿಳಿಸಿದರು. ತಂತಿ ಸಡಿಲವಾಯಿತು, ಬೆರಳಿಗೆ ಹಗುರವಾಯಿತು. ನಾದ ಮಾತ್ರ ಇನ್ನೂ ಭಾರವಾಯಿತು. ನಾನು ಗಲಾಟೆ ಅಂದುಕೊಂಡಿದ್ದು ಆ ಭಾರವನ್ನೇ.

2025ರ ಜುಲೈ 5ರಂದು, ತಾವು ಬೆಳೆದ ಬರ್ಮಿಂಗ್‌ಹ್ಯಾಮಿನ ಆಸ್ಟನ್ನಿನಲ್ಲೇ, ತಂಡದ ಮೊದಲಿನ ನಾಲ್ವರೂ ಸೇರಿ ಕೊನೆಯ ಸಲ ನುಡಿಸಿದರು. ಆಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದರು. ಅದಾಗಿ 17 ದಿನಕ್ಕೆ ಹೋದರು. ಆ ಕಾರ್ಯಕ್ರಮವನ್ನು ಮಗನ ಜೊತೆ ಕೂತು ನೋಡಿದೆ. ನನ್ನ ಕಣ್ಣು ಮಾತ್ರ ಟೋನಿಯವರ ಬಲಗೈ ಬಿಟ್ಟು ಅಲ್ಲಾಡಲಿಲ್ಲ.

ಸ್ಟುಡಿಯೋಗೆ ಇವತ್ತು ವೀಣೆ ತಂದಿದ್ದೇನೆ. ಆ ಮೂರು ಸ್ವರ ನಿಮಗೂ ಕೇಳಿಸಬೇಕು. ಷಡ್ಜ. ಮೇಲಿನ ಷಡ್ಜ. ಈಗ ಪ್ರತಿಮಧ್ಯಮ, ಸ್ವಲ್ಪ ಅಲುಗಿಸಿ.